ಬ್ರೇಕಿಗೆ ಕಟ್ಟಿದ ಗೆಜ್ಜೆ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಅಲ್ಲಿ ಕೂರುವವರು ಕಲಿಸುವವರು. ಚಾಮರಾಜಪೇಟೆಯ ಒಂದು ಸ್ಕೂಲಿನಲ್ಲಿ ಹನ್ನೊಂದು ವರ್ಷ ಆ ಸೀಟು ನನ್ನದಾಗಿತ್ತು. ಬೆಳಿಗ್ಗೆ ಆರರಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಏಳು. ಹೆಂಗಸೊಬ್ಬಳು ಕಾರು ಕಲಿಸುತ್ತಾಳೆ ಎಂದರೆ ಜನ ಎರಡೇ ಪ್ರಶ್ನೆ ಕೇಳುತ್ತಿದ್ದರು. ನಿಮಗೆ ಭಯ ಆಗಲ್ವಾ? ಮನೆಯವರು ಏನೂ ಅನ್ನಲ್ವಾ? ಮೊದಲನೆಯದಕ್ಕೆ ಆಗುತ್ತೆ ಅನ್ನುತ್ತಿದ್ದೆ. ಎರಡನೆಯದಕ್ಕೆ, ನಮ್ಮ ಮನೆಯವರಿಗೇ ನಾನು ಕಲಿಸಿದ್ದು, ಅವರೇನು ಅನ್ನುತ್ತಾರೆ ಎಂದು ನಗುತ್ತಿದ್ದೆ.

ನಮ್ಮ ಕಸುಬಿನಲ್ಲಿ ಒಂದು ಜಾಣತನವಿದೆ. ಕಲಿಯುವವರಿಗೆ ಗೊತ್ತಾಗದ ಹಾಗೆ ಬ್ರೇಕ್ ಒತ್ತುವುದು. ನಾನು ನನ್ನ ಬ್ರೇಕ್ ಒತ್ತಿದರೆ ಕೇಬಲ್ಲು ಎಳೆದು ಅವರ ಕಾಲ ಕೆಳಗಿನ ಬ್ರೇಕೂ ಇಳಿಯುತ್ತದೆ. ಅವರಿಗೆ ತಾವೇ ಒತ್ತಿದ ಹಾಗೆ ಅನ್ನಿಸುತ್ತದೆ. ನನಗೆ ಕೆಲಸ ಹೇಳಿಕೊಟ್ಟ ಹಿರಿಯರು ಮೊದಲ ದಿನವೇ ಹೇಳಿದ್ದರು: "ಒತ್ತಿದ್ದು ಗೊತ್ತಾದ್ರೆ ಹುಡುಗ್ರಿಗೆ ಕೈ ನಡುಗುತ್ತೆ ಕಣಮ್ಮ. ಧೈರ್ಯ ಬರೋವರೆಗೂ ನಾವೇ ಒಳಗಿಂದೊಳಗೆ ಸುಧಾರಿಸ್ಬೇಕು." ನಾನು ಹಾಗೇ ಸುಧಾರಿಸಿದೆ. ವರ್ಷಗಟ್ಟಲೆ ಸುಧಾರಿಸಿದೆ. ಮಕ್ಕಳ ಕೂಟದ ಸರ್ಕಲ್ಲಿನಿಂದ ಗಾಂಧಿ ಬಜಾರಿನವರೆಗೆ ನನ್ನ ಬಲಗಾಲು ಒಂದು ಕ್ಷಣವೂ ನೆಮ್ಮದಿಯಾಗಿ ನೆಲದ ಮೇಲೆ ಇದ್ದದ್ದಿಲ್ಲ. ಸಾಲದ್ದಕ್ಕೆ ಅದರ ಬಗ್ಗೆ ಹೆಮ್ಮೆ ಬೇರೆ. ಆಂಟಿ ಕೈಯಲ್ಲಿ ಹದಿನೈದೇ ದಿನಕ್ಕೆ ಮಕ್ಕಳು ಕಲಿತುಬಿಡ್ತಾರೆ ಎಂದು ಬಸವನಗುಡಿಯಲ್ಲಿ ನಾಲ್ಕು ಮನೆಯವರು ಹೇಳಿದರೆ ಐದನೆಯ ಮನೆಯವರು ಬರುತ್ತಿದ್ದರು.

ಹಾಗೆ ಬಂದವನೊಬ್ಬ ಎರಡನೇ ವರ್ಷದ ಎಂಜಿನಿಯರಿಂಗ್ ಹುಡುಗ. ಚುರುಕು, ಮಾತು ಮೃದು. ಸ್ಟೀರಿಂಗ್ ಹಿಡಿತ ಚೆನ್ನಾಗಿತ್ತು. ಹದಿನೈದು ಕ್ಲಾಸ್ ಮುಗಿದ ದಿನ, ಇವನಿಗೆ ತರಬೇತಿ ಕೊಟ್ಟಿದ್ದೇವೆ, ಓಡಿಸಲು ಬರುತ್ತದೆ ಎಂಬ ಸ್ಕೂಲಿನ ಕಾಗದಕ್ಕೆ ನಾನೇ ಸಹಿ ಹಾಕಿದೆ. ಅವನು ಟೆಸ್ಟು ಪಾಸು ಮಾಡಿ ಮೈಸೂರು ಪಾಕಿನ ಡಬ್ಬ ತಂದುಕೊಟ್ಟ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅದೇ ಹುಡುಗ ಸ್ಕೂಲಿನ ಎದುರಿನ ಫುಟ್‌ಪಾತ್ ಮೇಲೆ ನಿಂತಿದ್ದ. ಒಳಗೆ ಬರಲಿಲ್ಲ. ನಾನೇ ಹೊರಗೆ ಹೋದೆ. ಹಿಂದಿನ ಸಂಜೆ ಅವನಪ್ಪನ ಕಾರು ಓಡಿಸಿಕೊಂಡು ಗಾಂಧಿ ಬಜಾರಿಗೆ ಹೋಗಿದ್ದಾನೆ. ಪೂಜೆಗೆ ಹೂವು ಕೊಂಡು ರಸ್ತೆ ದಾಟುತ್ತಿದ್ದ ವಯಸ್ಸಾದವರೊಬ್ಬರಿಗೆ ಗುದ್ದಿದ್ದಾನೆ. ಜೀವಕ್ಕೆ ಅಪಾಯವಿಲ್ಲ, ಸೊಂಟದ ಮೂಳೆ ಮುರಿದಿದೆ.

"ನಾನು ಬ್ರೇಕ್ ಹಾಕ್ದೆ ಆಂಟಿ," ಅಂದ. "ನಿಜವಾಗ್ಲೂ ಹಾಕ್ದೆ. ನಿಮ್ಮ ಕಾರಲ್ಲಿ ಹೇಗೆ ಹಾಕ್ತಿದ್ನೋ ಹಾಗೇ ಹಾಕ್ದೆ. ನಿಮ್ಮ ಕಾರಲ್ಲಿ ನಿಲ್ತಿತ್ತು. ಇದು ನಿಲ್ಲಲೇ ಇಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಪೆಡಲಿನ ಮೇಲೆ ಮೆಲ್ಲಗೆ ಕಾಲಿಟ್ಟರೆ ಸಾಕು, ಕಾರು ತಾನಾಗಿ ನಿಲ್ಲುತ್ತದೆ ಎಂದು ಹದಿನೈದು ದಿನ ಅವನಿಗೆ ಕಲಿಸಿದವಳು ನಾನೇ. ಎದುರಿಗೆ ಜನ ಕಂಡಾಗ ಗಾಬರಿಯಾಗಬೇಕಿಲ್ಲ, ಮೊದಲೇ ಯೋಚಿಸಬೇಕಿಲ್ಲ, ಹೇಗೋ ಎಲ್ಲಾ ಸರಿಹೋಗುತ್ತದೆ ಎಂದು ಕಲಿಸಿದವಳೂ ನಾನೇ. ಈಗಿನ ಹುಡುಗರಿಗೆ ರಸ್ತೆಯ ಮೇಲೆ ಭಯಭಕ್ತಿ ಇಲ್ಲ ಎಂದು ಊರೆಲ್ಲ ಗೊಣಗುತ್ತದೆ. ಭಯ ಎಲ್ಲಿಂದ ಬರಬೇಕು? ಅವರಿಗೆ ಬರಬೇಕಾದ ಭಯವನ್ನೆಲ್ಲ ಎಡಗಡೆ ಸೀಟಿನಲ್ಲಿ ಕೂತು ನಾನು ನುಂಗುತ್ತಿದ್ದೆ.

ಪೆಟ್ಟು ತಿಂದ ಆ ಹಿರಿಯರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರನ್ನು ನೋಡಲು ಹೋದೆ. ಮಂಚದ ಮೇಲೆ ಮಲಗಿದ್ದರು. ಅವರ ಹೆಂಡತಿ ನೀವು ಯಾರು ಅಂದರು. ಆ ಹುಡುಗನಿಗೆ ಕಾರು ಕಲಿಸಿದವಳು ಎಂದೆ. ಆಕೆ ಒಳಗೆ ಹೋದರು, ತಿರುಗಿ ಬರುತ್ತಾರೋ ಇಲ್ಲವೋ ಎಂದು ನಾನು ನಿಂತೇ ಇದ್ದೆ. ಕಾಫಿ ತಂದಿಟ್ಟರು. ಹಿರಿಯರು ಬಲಗೈ ಚಾಚಿ, ನಮ್ಮ ಊರಿನಲ್ಲಿ ರಸ್ತೆ ದಾಟುವಾಗ ಗಾಡಿಗಳಿಗೆ ಅಂಗೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ಹಿಡಿದು ತೋರಿಸಿದರು. "ಹೀಗೆ ಕೈ ಹಿಡಿದೆನಮ್ಮ. ನಿಲ್ಲಿಸ್ತಾನೆ ಅಂದ್ಕೊಂಡೆ." ಅಷ್ಟೇ ಹೇಳಿದ್ದು. ಬೈದಿದ್ದರೆ ಎಷ್ಟೋ ಸುಖವಿತ್ತು. ಆ ಕಾಫಿ ಹಾಗೇ ಬಿಟ್ಟು ಎದ್ದು ಬಂದೆ.

ಮನೆಗೆ ಬಂದವಳು ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ. ನನ್ನ ಮಗಳು ಹೈಸ್ಕೂಲಿನಲ್ಲಿ ಬಿಟ್ಟ ಭರತನಾಟ್ಯದ ಗೆಜ್ಜೆ ಅದರಲ್ಲಿತ್ತು. ಅದರಿಂದ ಐದು ಗೆಜ್ಜೆ ಬಿಚ್ಚಿಕೊಂಡೆ. ಮರುದಿನ ನಮ್ಮ ಮೆಕ್ಯಾನಿಕ್ಕಿನ ಕೈಲಿ, ಕಾಲಿಗೆ ತೊಡರದ ಹಾಗೆ, ನನ್ನ ಬ್ರೇಕಿನ ಸರಳಿಗೆ ಮೇಲುಗಡೆ ಗಟ್ಟಿಯಾಗಿ ಕಟ್ಟಿಸಿದೆ. ಕಲಿಯುವವರು ತಮ್ಮ ಬ್ರೇಕ್ ಒತ್ತಿದರೆ ನನ್ನ ಪೆಡಲು ಕದಲುವುದಿಲ್ಲ, ಗೆಜ್ಜೆ ಸುಮ್ಮನಿರುತ್ತದೆ. ನಾನು ಒತ್ತಿದರೆ ಮಾತ್ರ ಝಲ್ ಎನ್ನುತ್ತದೆ.

ಮೊದಲ ದಿನ ಸಿಕ್ಕಿದವನು ಚಾಮರಾಜಪೇಟೆಯ ಐದನೇ ಮೇನ್ ರೋಡಿನ ಹುಡುಗ. ಹೈಸ್ಕೂಲಿನಿಂದಲೇ ಅಪ್ಪನ ಸ್ಕೂಟರ್ ಕದ್ದು ಓಡಿಸಿದವನು. ಅವನಿಗೆ ನಾನು ಕಲಿಸುವುದೇನೂ ಉಳಿದಿಲ್ಲ ಎಂಬ ನಂಬಿಕೆ. ಒಂಬತ್ತು ಕ್ಲಾಸ್ ಮುಗಿದಿತ್ತು. ಆವತ್ತು ಉಮಾ ಟಾಕೀಸ್ ಸಿಗ್ನಲ್ ದಾಟುವಷ್ಟರಲ್ಲಿ ಗೆಜ್ಜೆ ಐದು ಸಲ ಆಡಿತು.

"ಏನ್ ಆಂಟಿ ಅದು ಸೌಂಡು?"

"ನನ್ನ ಬ್ರೇಕು."

ಗಾಂಧಿ ಬಜಾರು ಸುತ್ತಿ ವಾಪಸು ಬರುವ ಹೊತ್ತಿಗೆ ಅವನೇ ಬೆರಳು ಮಡಿಸಿ ಎಣಿಸುತ್ತಿದ್ದ. ಹದಿನಾಲ್ಕಾಯಿತು. ಸ್ಕೂಲಿನ ಮುಂದೆ ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಇಷ್ಟು ಸಲ ನೀವೇ ಒತ್ತಿದ್ರಾ?"

"ಹೂಂ."

"ಇಷ್ಟು ದಿನಾನೂ?"

"ಇಷ್ಟು ದಿನಾನೂ."

ಅವನು ಕೀ ತೆಗೆದು ನನ್ನ ಕೈಗಿಟ್ಟು ಇಳಿದ.

ನಾನು ಒಂದು ನಿಯಮ ಮಾಡಿದೆ. ಸಾಲಾಗಿ ಮೂರು ಕ್ಲಾಸು ಗೆಜ್ಜೆ ಒಂದು ಸಲವೂ ಆಡಬಾರದು. ಆಮೇಲೆ ಸಹಿ. ಅದಕ್ಕೆ ಹದಿನೈದು ಕ್ಲಾಸ್ ಆಗಲಿ, ಮೂವತ್ತಾಗಲಿ. ಹುಡುಗರು ನನಗೆ ಗೆಜ್ಜೆ ಆಂಟಿ ಎಂದು ಹೆಸರಿಟ್ಟರು. ಜಗಳವೂ ಆಡಿದರು. ಆಟೋದವನು ನುಗ್ಗಿದ ಆಂಟಿ, ಅದು ನನ್ನ ತಪ್ಪಲ್ಲ ಅನ್ನುವರು. "ನುಗ್ತಾನೆ. ನಾಳೆನೂ ನುಗ್ತಾನೆ. ಅವನು ನುಗ್ತಾನೆ ಅಂತ ನಿಂಗೆ ಗೊತ್ತಿತ್ತಾ ಇಲ್ವಾ?" ಎನ್ನುತ್ತಿದ್ದೆ. ಒಬ್ಬಳು ಗೆಜ್ಜೆಗೆ ಹೆದರಿ ಬುಲ್ ಟೆಂಪಲ್ ರಸ್ತೆಯಲ್ಲಿ ಮೆರವಣಿಗೆಯ ಹಾಗೆ ಓಡಿಸಿದಳು, ಹಿಂದೆ ಅರ್ಧ ಬಸವನಗುಡಿ ಹಾರ್ನ್ ಹೊಡೆಯುತ್ತಿತ್ತು. ಅದಕ್ಕೂ ಬೈದೆ. ಆದರೆ ಹತ್ತು ಹನ್ನೆರಡು ಕ್ಲಾಸಿನ ಹೊತ್ತಿಗೆ ಒಂದು ಬದಲಾವಣೆ ಕಾಣುತ್ತಿತ್ತು. ಮೊದಲು ಅವರ ಕಣ್ಣು ಬಾನೆಟ್ಟಿನ ತುದಿಯಲ್ಲಿ ಇರುತ್ತಿತ್ತು. ಈಗ ದೂರ ಹೋಗುತ್ತಿತ್ತು. ನಿಂತ ಬಸ್ಸಿನ ಕೆಳಗೆ ಯಾರದಾದರೂ ಕಾಲು ಕಾಣುತ್ತದೆಯೇ ಎಂದು ನೋಡುತ್ತಿದ್ದರು. ನಾನು ಹೇಳಿಕೊಟ್ಟದ್ದಲ್ಲ, ಗೆಜ್ಜೆ ಆಡದಿರಲಿ ಎಂದು ತಾವೇ ಕಂಡುಕೊಂಡದ್ದು.

ಸ್ಕೂಲಿನ ಯಜಮಾನರಿಗೆ ಇದು ಸರಿಬರಲಿಲ್ಲ. ಅವರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಪೇಟೆಯಲ್ಲಿ ತಲೆತಲಾಂತರದಿಂದ ಬಟ್ಟೆ ವ್ಯಾಪಾರ ಮಾಡಿದ ಮನೆಯವರು. ಹೆಂಗಸಿಗೆ ಯಾರೂ ಸ್ಕೂಲಿನ ಕಾರಿನ ಕೀ ಕೊಡದಿದ್ದಾಗ ನನಗೆ ಕೊಟ್ಟವರು ಅವರೇ. ಆದರೆ ಅವರ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಏನ್ ಮೇಡಂ, ಡ್ರೈವಿಂಗ್ ಸ್ಕೂಲಾ, ಡ್ಯಾನ್ಸ್ ಸ್ಕೂಲಾ ಅಂತ ಕೇಳ್ತಿದಾರೆ ಜನ" ಎಂದು ನಗುವರು. ಪಕ್ಕದ ಬೀದಿಯ ಸ್ಕೂಲಿನಲ್ಲಿ ಹತ್ತೇ ಕ್ಲಾಸಂತೆ ಅನ್ನುವರು. ತೆಗೆಯಿರಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾನೂ ತೆಗೆಯಲಿಲ್ಲ. ಹೀಗೆ ಒಂದು ವರ್ಷ ನಡೆಯಿತು.

ಆಮೇಲೆ ಅವರ ಮಗಳು ಕಲಿಯಲು ಬಂದಳು.

ಹತ್ತೊಂಬತ್ತು ವರ್ಷ, ಬಿಕಾಂ ಎರಡನೇ ವರ್ಷ. ನನ್ನ ಹನ್ನೊಂದು ವರ್ಷದಲ್ಲಿ ಅಷ್ಟು ಬೇಗ ಕೈ ಕೂಡಿಬಂದ ಇನ್ನೊಬ್ಬರನ್ನು ನೋಡಿಲ್ಲ. ಎಂಟರ ಅಂಕಿಯ ಹಾಗೆ ಕಾರು ತಿರುಗಿಸುವುದು, ರಿವರ್ಸು, ದಿಬ್ಬದ ಮೇಲೆ ನಿಲ್ಲಿಸಿ ಹೊರಡುವುದು, ಎಲ್ಲಾ ನೀರು ಕುಡಿದ ಹಾಗೆ. ಬಸ್ಸಿಗೆ ನಿಲ್ಲಿಸುತ್ತಿದ್ದಳು, ಆಟೋಗೆ ನಿಲ್ಲಿಸುತ್ತಿದ್ದಳು, ಹಸುವಿಗೆ ನಿಲ್ಲಿಸುತ್ತಿದ್ದಳು. ನಡೆದು ಹೋಗುವ ಮನುಷ್ಯರಿಗೆ ಮಾತ್ರ ನಿಲ್ಲಿಸುತ್ತಿರಲಿಲ್ಲ. ದೂರದಿಂದಲೇ ಹಾರ್ನ್ ಹೊಡೆಯುವಳು, ಬ್ರೇಕಿನ ಹತ್ತಿರ ಕಾಲು ಹೋಗುವುದೇ ಇಲ್ಲ. ಗೆಜ್ಜೆ ಆಡುತ್ತಿದ್ದುದು ಅಲ್ಲಿ ಮಾತ್ರ.

"ಅವ್ರೇ ನಿಲ್ತಾರೆ ಆಂಟಿ," ಅನ್ನುವಳು. "ಹಾರ್ನ್ ಹೊಡೆದ್ರೆ ಎಲ್ರೂ ನಿಂತ್ಕೋತಾರೆ. ನೀವು ಸುಮ್‌ಸುಮ್ನೆ ಒತ್ತುತೀರ."

ಕಷ್ಟವೇನೆಂದರೆ ಅವಳು ಹೇಳಿದ್ದು ಸತ್ಯ. ಎಲ್ಲರೂ ನಿಲ್ಲುತ್ತಿದ್ದರು. ಹೂವಿನವಳು, ಸ್ಕೂಲ್ ಮಕ್ಕಳ ಕೈ ಹಿಡಿದ ತಾತ, ಎಲ್ಲರೂ ಹಾರ್ನ್ ಕೇಳಿ ರಸ್ತೆಯ ನಡುವೆ ಗಕ್ಕನೆ ನಿಂತು ಇವಳಿಗೆ ದಾರಿ ಬಿಡುತ್ತಿದ್ದರು. ಸೊಂಟ ಮುರಿದ ಹಿರಿಯರ ಕಥೆ ಹೇಳಿದೆ. "ಆ ಹುಡುಗನಿಗೆ ಓಡ್ಸೋಕೆ ಬರ್ತಿರ್ಲಿಲ್ಲ ಆಂಟಿ. ನಂಗೆ ಬರುತ್ತೆ" ಅಂದಳು. ಸೊಕ್ಕಿನಿಂದ ಹೇಳಲಿಲ್ಲ. ಲೆಕ್ಕದ ಉತ್ತರ ಹೇಳಿದ ಹಾಗೆ ಹೇಳಿದಳು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಓಡಿಸಲು ಬಾರದವರಿಂದ ಎಷ್ಟು ಅಪಾಯವೋ, ಓಡಿಸಲು ಬರುತ್ತದೆ ಎಂದುಕೊಂಡವರಿಂದ ಅದಕ್ಕಿಂತ ಹೆಚ್ಚು ಎನ್ನುವುದನ್ನು ಆ ಕೂಸಿಗೆ ಹೇಗೆ ತಿಳಿಸಲಿ?

ಇಪ್ಪತ್ತೆರಡು ಕ್ಲಾಸಾಯಿತು. ಆಯುಧಪೂಜೆಗೆ ಎರಡು ವಾರವಿತ್ತು. ಮಗಳಿಗೆಂದು ಯಜಮಾನರು ಹೊಸ ಕಾರು ಬುಕ್ ಮಾಡಿದ್ದರು. ಹಬ್ಬದ ದಿನ ಸ್ಕೂಲಿನ ಕಾರುಗಳ ಸಾಲಿನಲ್ಲಿ ಅದನ್ನೂ ನಿಲ್ಲಿಸಿ, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಮಗಳ ಕೈಯಲ್ಲೇ ಮುಂದಕ್ಕೆ ತೆಗೆಸಬೇಕೆಂಬುದು ಅವರ ಆಸೆ. ಅದಕ್ಕೆ ಮೊದಲು ಟೆಸ್ಟು ಆಗಬೇಕು. ಒಂದು ಮಧ್ಯಾಹ್ನ ನನ್ನನ್ನು ಕರೆಸಿ, ಕಾಗದ ಮುಂದಿಟ್ಟು ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟರು.

"ಒಂದು ಸೈನ್ ಹಾಕ್ಬಿಡಿ ಮೇಡಂ. ಸೋಮವಾರ ಟೆಸ್ಟಿದೆ."

"ಇನ್ನೂ ಗೆಜ್ಜೆ ಆಡ್ತಿದೆ ಸರ್."

"ಎಲ್ಲಾ ಬರುತ್ತಲ್ಲ ಅವಳಿಗೆ. ನೀವೇ ಹೇಳಿದೀರ, ಇಂಥ ಕೈ ನೋಡಿಲ್ಲ ಅಂತ."

"ಕೈ ಚೆನ್ನಾಗಿದೆ ಸರ್. ನಡ್ಕೊಂಡ್ ಹೋಗೋರು ಅವಳ ಕಣ್ಣಿಗೆ ಕಾಣಲ್ಲ."

ಅವರು ಕಾಗದವನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದರು. ಅವತ್ತು ಮಾತ್ರ ಅಡ್ಡಗೋಡೆ ಇರಲಿಲ್ಲ. "ನನ್ನ ಸ್ಕೂಲಲ್ಲಿ ಕೂತ್ಕೊಂಡು ನನ್ನ ಮಗಳಿಗೇ ಇಲ್ಲ ಅಂತೀರಾ?"

"ನಿಮ್ಮ ಮಗಳು ಅಂತ್ಲೇ ಇಲ್ಲ ಅಂತಿದೀನಿ ಸರ್. ಬೇರೆಯವರ ಮಕ್ಕಳಿಗೆ ಇಲ್ಲ ಅಂದ್ಬಿಟ್ಟು ಇವಳಿಗೆ ಹೂಂ ಅಂದ್ರೆ ನನ್ನ ಸಹಿಗೆ ಏನ್ ಬೆಲೆ?"

"ಕಲಿಸೋರು ಇನ್ನೊಬ್ರು ಇದಾರೆ. ಅವ್ರು ಹಾಕ್ತಾರೆ."

"ಹಾಕ್ಲಿ. ನಾನು ಹಾಕಲ್ಲ."

"ಹಾಗಾದ್ರೆ ಕೀ ಇಟ್ಟು ಹೋಗಿ" ಎಂದರು. ಧ್ವನಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೀ ಮೇಜಿನ ಮೇಲಿಟ್ಟೆ. ಹೊರಗೆ ಬಂದು ಕಾರಿನ ಬಾಗಿಲು ತೆಗೆದು, ಬಗ್ಗಿ, ಕಟ್ಟಿದ್ದ ದಾರ ಕತ್ತರಿಸಿ ಗೆಜ್ಜೆಯನ್ನು ಪರ್ಸಿಗೆ ಹಾಕಿಕೊಂಡೆ. ಅದು ನನ್ನ ಮಗಳದು, ಸ್ಕೂಲಿನದಲ್ಲ.

ಆವಾಗ ನನಗೆ ಐವತ್ತನಾಲ್ಕು. ಧೈರ್ಯದಿಂದ ಎದ್ದು ಬಂದೆ ಎಂದು ಈಗ ಹೇಳುವುದು ಸುಲಭ. ಮಕ್ಕಳ ಕೂಟದ ಹತ್ತಿರ ಬಂದು ಕಟ್ಟೆಯೊಂದರ ಮೇಲೆ ಕೂತುಬಿಟ್ಟೆ. ಈ ವಯಸ್ಸಿನಲ್ಲಿ ಹೆಂಗಸಿಗೆ ಇನ್ನು ಯಾರು ಆ ಸೀಟು ಕೊಡುತ್ತಾರೆ? ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮನೆಗೆ ಬಂದರೆ ನನ್ನ ಗಂಡ "ಒಂದು ಸಹಿ ತಾನೆ, ಗೀಚಿ ಬರೋದಲ್ವಾ?" ಅಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ತಾವೇ ಉಪ್ಪಿಟ್ಟು ಮಾಡಿ ತಟ್ಟೆ ತಂದಿಟ್ಟು, ನೀನು ಮಾಡಿದ್ದೇ ಸರಿ ಎಂದರು. ಉಪ್ಪು ಜಾಸ್ತಿಯಾಗಿತ್ತು. ತಿಂದೆ.

ಮಲ್ಲೇಶ್ವರದ ಒಂದು ಸ್ಕೂಲಿನವರು ಫೋನ್ ಮಾಡಿದರು. ನಿಮ್ಮ ಹೆಸರು ಕೇಳಿದೀವಿ, ಬನ್ನಿ ಮೇಡಂ, ಆದ್ರೆ ಆ ಗೆಜ್ಜೆ ಎಲ್ಲಾ ಬೇಡ ಅಂದರು. ಗೆಜ್ಜೆ ಬೇಡದಿದ್ದರೆ ನಾನೂ ಬೇಡ ಎಂದೆ. ಮೂಗಿಗಿಂತ ಮೂಗುತಿ ಭಾರ ಎಂದು ನನ್ನ ತಂಗಿ ಹಂಗಿಸಿದಳು. ಆಗಲಿ, ಭಾರವಾಗಲಿ. ಹದಿನೈದು ದಿನದಲ್ಲಿ ಕಲಿಸಿಕೊಡುತ್ತೇವೆಂದು ಬೋರ್ಡು ಹಾಕಿಕೊಂಡವರು ಯಾರೂ ಆ ಹಿರಿಯರ ಮನೆಯ ಕಾಫಿ ಮುಂದೆ ಕೂತವರಲ್ಲ.

ಆಯುಧಪೂಜೆ ಬಂತು, ಹೋಯಿತು. ಹುಡುಗಿಗೆ ಲೈಸೆನ್ಸ್ ಬಂದಿದೆ, ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದಳಂತೆ ಎಂದು ಮೆಕ್ಯಾನಿಕ್ ಹೇಳಿದ. ಹೊಟ್ಟೆ ಉರಿಯಿತು. ಹಾಗೆಯೇ, ದೇವರೇ, ನನ್ನ ಮಾತು ಸುಳ್ಳಾಗಲಿ, ಅವಳ ಕೈಲಿ ಯಾರಿಗೂ ಏನೂ ಆಗದಿರಲಿ ಎಂದು ಬೇಡಿಕೊಂಡೆ. ಎರಡೂ ಒಟ್ಟಿಗೇ ಅನ್ನಿಸಿತು.

ಕಡಲೆಕಾಯಿ ಪರಿಷೆ ಮುಗಿದ ವಾರ, ಒಂದು ಭಾನುವಾರ ಬೆಳಿಗ್ಗೆ, ನಮ್ಮ ಗೇಟಿನ ಮುಂದೆ ಹೊಸ ಕಾರು ನಿಂತಿತು. ಅವಳೇ ಇಳಿದಳು. ಒಳಗೆ ಕರೆದೆ. ಬಾಗಿಲಲ್ಲೇ ನಿಂತಳು.

"ನಿನ್ನೆ ಒಬ್ರು ಅಜ್ಜಿ ಅಡ್ಡ ಬಂದ್ರು ಆಂಟಿ," ಅಂದಳು. "ಅಲ್ಲ, ಅಡ್ಡ ಬರ್ಲಿಲ್ಲ. ದಾಟ್ತಿದ್ರು. ನಾನು ಹಾರ್ನ್ ಹೊಡೆದೆ. ಅವ್ರಿಗೆ ಕೇಳಿಸ್ಲಿಲ್ಲ ಅನ್ಸುತ್ತೆ, ನಿಲ್ಲಲಿಲ್ಲ. ಬ್ರೇಕ್ ತುಳಿದೆ. ಇಷ್ಟೇ ಇಷ್ಟು ಉಳಿದಿತ್ತು." ಅವಳು ಗೇಣು ತೋರಿಸಿದಳು. "ಅಜ್ಜಿ ಬಾನೆಟ್ ಮೇಲೆ ಕೈ ಇಟ್ಕೊಂಡು ನಿಂತ್ರು. ಬೈತಾರೆ ಅಂದ್ಕೊಂಡೆ. ನಂಗೆ ಕೈ ಮುಗಿದ್ರು ಆಂಟಿ. ತಪ್ಪಾಯ್ತು ಕಣಮ್ಮ ಅಂದ್ರು."

ಅವಳ ಕಣ್ಣು ತುಂಬಿತ್ತು. ನಾನು ಸಮಾಧಾನ ಹೇಳಲಿಲ್ಲ. ಹೇಳಬಾರದು ಅನ್ನಿಸಿತು. ಅದು ಅವಳಿಗೆ ಬಂದ ಭಯ. ಅದನ್ನು ನಾನು ಮತ್ತೆ ನುಂಗಿಬಿಟ್ಟರೆ ಅವಳಿಗೆ ಏನು ಉಳಿಯುತ್ತದೆ?

"ಅಪ್ಪಂಗೆ ಹೇಳ್ದೆ," ಅಂದಳು. "ಬೆಳಿಗ್ಗೆ ಕೀ ಕೈಗೆ ಕೊಟ್ಟು, ಮೇಡಂ ಮನೆಗೆ ಹೋಗಿ ಬಾ ಅಂದ್ರು. ಬನ್ನಿ ಆಂಟಿ, ಪಕ್ಕದಲ್ಲಿ ಕೂತ್ಕೊಳ್ಳಿ."

"ಈ ಕಾರಲ್ಲಿ ನನಗೆ ಬ್ರೇಕ್ ಇಲ್ಲ."

"ಗೊತ್ತು."

ಚಪ್ಪಲಿ ಮೆಟ್ಟಿ ಹೊರಟೆ. ಗೇಟಿನಿಂದ ಹೊರಡುವಾಗಲೇ ಕನ್ನಡಿ ನೋಡದೆ ಬಲಕ್ಕೆ ಎಳೆದಳು, ಸರಿಯಾಗಿ ಬೈದೆ. ಎರಡನೇ ತಿರುವಿನಲ್ಲಿ ಮತ್ತೆ ಬೈದೆ. ಎಲ್ಲಾ ಬದಲಾಗಿಹೋಗಿತ್ತು ಎಂದು ನಾನು ಹೇಳುವುದಿಲ್ಲ. ಗಾಂಧಿ ಬಜಾರಿನಲ್ಲಿ ಭಾನುವಾರದ ಸಂತೆ. ಹೂವಿನ ಅಂಗಡಿಗಳ ಮುಂದೆ, ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದ ಮುದುಕರೊಬ್ಬರು ರಸ್ತೆಗೆ ಇಳಿದರು. ಅಂಗೈ ಅಡ್ಡ ಹಿಡಿಯಲು ಅವರಿಗೆ ಕೈ ಖಾಲಿ ಇರಲಿಲ್ಲ. ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಅಷ್ಟರಲ್ಲಿ ಕಾರು ನಿಧಾನವಾಗಿತ್ತು. ದೂರದಲ್ಲೇ ನಿಂತಿತು. ಅವಳು ಹಾರ್ನ್ ಹೊಡೆಯಲಿಲ್ಲ.

ಮುದುಕರು ನಮ್ಮನ್ನು ನಂಬದೆ ನಿಂತೇ ಇದ್ದರು. ಅವಳು ತಲೆಯಾಡಿಸಿ, ಹೋಗಿ ತಾತ ಎಂದು ಕೈ ತೋರಿಸಿದಳು. ಅವರು ಒಂದೊಂದೇ ಹೆಜ್ಜೆ ಇಡತೊಡಗಿದರು. ಹಿಂದೆ ಒಂದು ಹಾರ್ನ್ ಶುರುವಾಯಿತು, ಅದರ ಹಿಂದೆ ನಾಲ್ಕು. ಒಬ್ಬ ಬೈಕಿನವನು ನಮ್ಮ ಪಕ್ಕ ತೂರಿ ಬಂದು ಹೆಲ್ಮೆಟ್ಟಿನ ಗಾಜು ಎತ್ತಿ, "ಏನಮ್ಮ, ಡ್ರೈವಿಂಗ್ ಬರಲ್ವಾ?" ಎಂದು ಗದರಿದ.

ಅವಳು ಕಿಟಕಿ ಇಳಿಸಿದಳು.

"ಬರುತ್ತೆ ಸರ್," ಅಂದಳು. "ಅದಕ್ಕೇ ನಿಂತಿದೀನಿ."

ಹಾರ್ನ್‌ಗಳು ನಿಲ್ಲಲಿಲ್ಲ. ಮುದುಕರು ಆ ಕಡೆಯ ಫುಟ್‌ಪಾತ್ ಹತ್ತುವವರೆಗೂ ಅವಳು ಗಾಡಿ ಕದಲಿಸಲಿಲ್ಲ.